ಮರೆವಿಗೆ ಸಂದ ಯಹೂದಿ ಸೂಪರ್‌ಹೀರೋನನ್ನು ಕನ್ನಡ ಕಾಮಿಕ್ಸ್‌ಗೆ ಮರಳಿ ತರುವುದು ಹೇಗೆ

ಇದು 24 ಪುಟದ ಒಂದು ಕನ್ನಡ ಕಾಮಿಕ್ಸ್ ಮಾಡುವ ವಿಧಾನ. ಒಳಪುಟ ಕಪ್ಪುಬಿಳುಪು, ಮುಖಪುಟ ಬಣ್ಣ, ಕಥೆ ನಡೆಯುವ ಜಾಗ ಮೈಸೂರು ಮತ್ತು ಶ್ರೀರಂಗಪಟ್ಟಣ. ನಾಯಕ ಮಾತ್ರ ದೂರದವನು. ಅಮೆರಿಕದ ಕಂಪನಿಗಳು ಹಲವು ಸಲ ಕೈಗೆತ್ತಿಕೊಂಡು ಅರ್ಧಕ್ಕೇ ಕೆಳಗಿಟ್ಟ ಯಹೂದಿ ಸೂಪರ್‌ಹೀರೋ ಅವನು: ಜೇಡಿಮಣ್ಣಿನಿಂದ ಮಾಡಿ ಜೀವ ತುಂಬಿದ, ದಂತಕಥೆಯ ಗೋಲೆಮ್. ಬರೆಯುವುದು, ಚಿತ್ರಿಸುವುದು, ಅಚ್ಚು ಹಾಕಿಸುವುದು ಎಲ್ಲವನ್ನೂ ಮೈಸೂರಿನಲ್ಲೇ ಮಾಡಬಹುದು.

ಸೂಪರ್‌ಹೀರೋ ಕಾಮಿಕ್ಸ್‌ಗೆ ಅಡಿಪಾಯ ಹಾಕಿದವರಲ್ಲಿ ಹಲವರು ಯಹೂದಿ ವಲಸಿಗರ ಮಕ್ಕಳು. 1938ರಲ್ಲಿ ಸೂಪರ್‌ಮ್ಯಾನ್ ತಂದ ಜೆರ್ರಿ ಸೀಗೆಲ್ ಮತ್ತು ಜೋ ಶೂಸ್ಟರ್, ಮರುವರ್ಷ ಬ್ಯಾಟ್‌ಮ್ಯಾನ್ ತಂದ ಬಾಬ್ ಕೇನ್ ಮತ್ತು ಬಿಲ್ ಫಿಂಗರ್, ಹಿಟ್ಲರನಿಗೆ ಗುದ್ದು ಕೊಡುವ ಕ್ಯಾಪ್ಟನ್ ಅಮೆರಿಕವನ್ನು ತಂದ ಜೋ ಸೈಮನ್ ಮತ್ತು ಜಾಕ್ ಕರ್ಬಿ ಎಲ್ಲರೂ ಯಹೂದಿ ಮನೆಗಳಿಂದ ಬಂದವರು. ಕರ್ಬಿಯ ಹುಟ್ಟುಹೆಸರು ಜೇಕಬ್ ಕುರ್ಟ್ಸ್‌ಬರ್ಗ್, ಕೇನ್‌ನದು ರಾಬರ್ಟ್ ಕಾನ್. ತಮ್ಮ ಹೆಸರನ್ನೇ ಬದಲಿಸಿಕೊಂಡು ದುಡಿದವರು ನಾಯಕನ ಬಾಯಲ್ಲಿ ‘ನಾನು ಯಹೂದಿ’ ಎನ್ನಿಸಲಿಲ್ಲ. ಆ ಮಾತು ಪುಟದ ಮೇಲೆ ಬರುವ ಹೊತ್ತಿಗೆ ಹಲವು ದಶಕ ಕಳೆದಿತ್ತು. ಬಂದ ಮೇಲೂ ನಿಂತದ್ದು ಕಡಿಮೆ.

ಯಾಕೆ ನಿಲ್ಲಲಿಲ್ಲ ಎಂಬುದನ್ನು ಪೆನ್ಸಿಲ್ ಹಿಡಿಯುವ ಮೊದಲೇ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ನಿಮ್ಮ ಕಾಮಿಕ್ಸ್‌ಗೂ ಅದೇ ಗತಿ.

ಹಳೆಯ ಸಂಚಿಕೆಗಳನ್ನು ಓದುವ ಕ್ರಮ

ಮೂರು ಪಾತ್ರಗಳನ್ನು ಪಕ್ಕಪಕ್ಕ ಇಟ್ಟು ಓದಿ.

ಮೊದಲನೆಯವನು ಡಿಸಿ ಕಂಪನಿಯ ರ‍್ಯಾಗ್‌ಮನ್, ಚಿಂದಿ ಬಟ್ಟೆಯ ನಾಯಕ. ಹುಟ್ಟಿದ್ದು 1976ರಲ್ಲಿ, ರಾಬರ್ಟ್ ಕ್ಯಾನಿಗರ್ ಮತ್ತು ಜೋ ಕ್ಯೂಬರ್ಟ್ ಕೈಯಲ್ಲಿ. ರೋರಿ ರೀಗನ್ ಎಂಬಾತ ಬಡವರ ಬೀದಿಯಲ್ಲಿ ಗಿರವಿ ಅಂಗಡಿ ನಡೆಸುತ್ತಾನೆ. ತಂದೆ ಮತ್ತು ಅವನ ಗೆಳೆಯರು ಕರೆಂಟು ಹೊಡೆದು ಸಾಯುವಾಗ ಅವರ ಶಕ್ತಿ ಇವನಿಗೆ ಹರಿದುಬರುತ್ತದೆ. ಐದು ಸಂಚಿಕೆಗೆ ನಿಂತುಹೋಯಿತು. 1991ರಲ್ಲಿ ಕೀತ್ ಗಿಫೆನ್, ರಾಬರ್ಟ್ ಲೋರೆನ್ ಫ್ಲೆಮಿಂಗ್ ಮತ್ತು ಚಿತ್ರಕಾರ ಪ್ಯಾಟ್ ಬ್ರಾಡರಿಕ್ ಎಂಟು ಸಂಚಿಕೆಗಳಲ್ಲಿ ಅವನನ್ನು ಬುಡದಿಂದ ಮತ್ತೆ ಕಟ್ಟಿದರು. ಈಗ ಆ ಚಿಂದಿ ಅಂಗಿ ಯಹೂದಿಗಳನ್ನು ಕಾಯಲು ಮಾಡಿದ್ದು, ಗೋಲೆಮ್ ದಂತಕಥೆಯ ಮುಂದುವರಿಕೆ. ಒಂದೊಂದು ತೇಪೆಯಲ್ಲೂ ಒಬ್ಬೊಬ್ಬ ದುಷ್ಟನ ಆತ್ಮ. ರೋರಿಯ ತಂದೆ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಲ್ಲಿ ಅದನ್ನು ತೊಟ್ಟಿದ್ದವನು. ನಿಜವಾದ ಮರಳುವಿಕೆ ಇದೇ, ಏಕೆಂದರೆ ಶಕ್ತಿ, ಅಂಗಿ, ತಂದೆ-ಮಗನ ಜಗಳ ಎಲ್ಲವೂ ಒಂದೇ ಬೇರಿನಿಂದ ಹೊರಟವು. 2017ರಲ್ಲಿ ಆರು ಸಂಚಿಕೆಗಳಲ್ಲಿ ಮತ್ತೆ ತಂದಾಗ ಅಂಗಿ ಸಿಕ್ಕಿದ್ದು ಸೈನಿಕನಾಗಿದ್ದ ರೋರಿಗೆ, ಒಂದು ಪುರಾತನ ಗೋರಿಯಲ್ಲಿ. ಅಂಗಿ ಉಳಿಯಿತು, ಬೇರು ಹೋಯಿತು.

ಎರಡನೆಯದು ಮಾರ್ವೆಲ್ ಕಂಪನಿಯ ಗೋಲೆಮ್. 1974ರಲ್ಲಿ ಲೆನ್ ವೀನ್ ಮತ್ತು ಜಾನ್ ಬುಸೆಮಾ ಶುರುಮಾಡಿದ್ದು, ಮೂರೇ ಕಂತು. ಓದಿದರೆ ಕಾರಣ ಗೊತ್ತಾಗುತ್ತದೆ. ಅಲ್ಲಿರುವುದು ಆಗ ಮಾರುತ್ತಿದ್ದ ದೈತ್ಯರ ಕಥೆಗಳ ಅಚ್ಚಿನಲ್ಲಿ ಸುರಿದ ಇನ್ನೊಂದು ದೈತ್ಯ. ಗೋಲೆಮ್ ಎಂಬ ಹೆಸರು ಬದಲಿಸಿದರೂ ಕಥೆಗೆ ಏನೂ ಆಗುವುದಿಲ್ಲ.

ಮೂರನೆಯವನು ಮಾರ್ವೆಲ್‌ನದೇ ‘ಫೆಂಟಾಸ್ಟಿಕ್ ಫೋರ್’ ತಂಡದ ಕಲ್ಲುಮೈಯ ಬೆನ್ ಗ್ರಿಮ್. 1961ರಿಂದ ಇದ್ದಾನೆ. ಅವನು ಯಹೂದಿ ಎಂದು ಕಥೆಯೊಳಗೆ ಬಾಯಿಬಿಟ್ಟು ಹೇಳಿದ್ದು 2002ರಲ್ಲಿ, ಕಾರ್ಲ್ ಕೆಸೆಲ್ ಬರೆದ ಸಂಚಿಕೆಯಲ್ಲಿ. ಹಳೆಯ ಬೀದಿಯ ಅಂಗಡಿಯಾತ ಬಿದ್ದಿರುವಾಗ ಬೆನ್ ಹೀಬ್ರೂ ಪ್ರಾರ್ಥನೆ ಹೇಳುತ್ತಾನೆ. ಅದುವರೆಗೆ ಮುಚ್ಚಿಟ್ಟದ್ದು ನಾಚಿಕೆಯಿಂದಲ್ಲ, ತನ್ನಂಥ ವಿಕಾರದವನಿಂದ ಯಹೂದಿಗಳಿಗೆ ಕೆಟ್ಟ ಹೆಸರು ಬರಬಾರದೆಂದು. ಅಂಗಡಿಯಾತ ಗೋಲೆಮ್ ಕಥೆ ನೆನಪಿಸಿ, ಅದು ರಾಕ್ಷಸನಲ್ಲ, ಕಾಯುವವನು ಎನ್ನುತ್ತಾನೆ. ಒಂದೇ ಸಂಚಿಕೆ, ಹೊಸ ಶಕ್ತಿ ಇಲ್ಲ, ಹೊಸ ವೇಷ ಇಲ್ಲ. ಆದರೂ 41 ವರ್ಷದ ಪಾತ್ರಕ್ಕೆ ಹಿಂದಿನದೆಲ್ಲ ಹೊಸ ಅರ್ಥ ಕೊಟ್ಟಿತು.

ಇವುಗಳಿಂದ ಒಂದು ಪರೀಕ್ಷೆ ಸಿಗುತ್ತದೆ. ನಿಮ್ಮ ಕಥೆಯಿಂದ ಯಹೂದಿತನವನ್ನು ತೆಗೆದುನೋಡಿ. ಕಥೆ ಹಾಗೇ ನಡೆದರೆ ಅದು ಅಂಗಿಗೆ ಚುಚ್ಚಿದ ಬಿಲ್ಲೆ ಅಷ್ಟೆ, ಮತ್ತೆ ಬರೆಯಿರಿ. ಕಥೆ ಕುಸಿದುಬಿದ್ದರೆ ನೀವು ಸರಿದಾರಿಯಲ್ಲಿದ್ದೀರಿ.

ಯಾರ ಸ್ವತ್ತು, ಯಾವುದು ಎಲ್ಲರದು

ರ‍್ಯಾಗ್‌ಮನ್, ಬೆನ್ ಗ್ರಿಮ್, ಮಾರ್ವೆಲ್‌ನ ಇನ್ನೊಬ್ಬ ಯಹೂದಿ ನಾಯಕ ಮೂನ್ ನೈಟ್ ಇವರನ್ನು ನೀವು ಬಳಸುವಂತಿಲ್ಲ. ಲಾಭವಿಲ್ಲದೆ ಹಂಚಿದರೂ, ಹೆಸರಿನ ಒಂದಕ್ಷರ ಬದಲಿಸಿದರೂ, ವೇಷ ಮತ್ತು ಹುಟ್ಟಿನ ಕಥೆ ಅದೇ ಇದ್ದರೆ ತಗಾದೆ ತಪ್ಪಿದ್ದಲ್ಲ. ಕೃತಿಸ್ವಾಮ್ಯ ಒಂದು, ಹೆಸರು-ಲಾಂಛನದ ಟ್ರೇಡ್‌ಮಾರ್ಕ್ ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಗೋಲೆಮ್ ದಂತಕಥೆ ಯಾರ ಸ್ವತ್ತೂ ಅಲ್ಲ. ಪ್ರಾಗ್‌ನ ರಬ್ಬಿ ಯೆಹೂದಾ ಲೋವ್ (ತೀರಿಕೊಂಡದ್ದು 1609) ನದಿಯ ದಡದ ಜೇಡಿಮಣ್ಣಿನಿಂದ ಮನುಷ್ಯಾಕಾರ ಮಾಡಿ, ತನ್ನ ಕೇರಿಯನ್ನು ಕಾಯಲು ಅದಕ್ಕೆ ಜೀವ ತುಂಬಿದ ಕಥೆ ಅದು. ಇಂದು ಎಲ್ಲರಿಗೂ ಗೊತ್ತಿರುವ ರೂಪ ಬಹುಮಟ್ಟಿಗೆ ಯೂದಲ್ ರೋಸೆನ್‌ಬರ್ಗ್ 1909ರಲ್ಲಿ ಪ್ರಕಟಿಸಿದ ಕಥೆಗಳಿಂದ ಬಂದದ್ದು. ಆತ ತೀರಿಕೊಂಡದ್ದು 1935ರಲ್ಲಿ. ಭಾರತದ 1957ರ ಕಾಯ್ದೆಯಂತೆ ಲೇಖಕ ತೀರಿದ ಮುಂದಿನ ವರ್ಷದಿಂದ 60 ವರ್ಷ ಎಣಿಸಿದರೂ ಅವಧಿ ಎಂದೋ ಮುಗಿದಿದೆ. ಆದರೆ ಇತ್ತೀಚಿನ ಇಂಗ್ಲಿಷ್ ಅನುವಾದಕ್ಕೆ ಅದರದೇ ಹಕ್ಕು ಇರುತ್ತದೆ. ಘಟನೆ ತೆಗೆದುಕೊಳ್ಳಿ, ಅನುವಾದಕರ ವಾಕ್ಯ ತೆಗೆದುಕೊಳ್ಳಬೇಡಿ. ಆತ್ಮಗಳ ತೇಪೆಯಂಗಿ 1991ರ ಕಲ್ಪನೆ, ಅದನ್ನೂ ಮುಟ್ಟಬೇಡಿ. ಮಣ್ಣು, ಹಣೆಯ ಅಕ್ಷರ, ಮೌನ, ಶುಕ್ರವಾರ ಈ ನಾಲ್ಕು ಸಾಕು. ಅವು ಎಲ್ಲರ ಆಸ್ತಿ.

ಕಥೆಯನ್ನು ಮೈಸೂರಿಗೆ ತರುವ ದಾರಿ

ಪ್ರಾಗ್‌ನ ಮಣ್ಣಿನ ಮನುಷ್ಯ ಸುಮ್ಮನೆ ಚಾಮುಂಡಿ ಬೆಟ್ಟದ ಮೇಲೆ ನಿಂತರೆ ಓದುಗರು ನಂಬುವುದಿಲ್ಲ. ಚರಿತ್ರೆಯಲ್ಲಿ ಬಾಗಿಲು ಇರುವ ವರ್ಷ 1939. ಆ ಮಾರ್ಚ್ 15ರಂದು ಜರ್ಮನ್ ಸೇನೆ ಪ್ರಾಗ್ ಹೊಕ್ಕಿತು. ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ ಅದೇ ವರ್ಷ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನರು. ಹಾಗಾಗಿ ಪ್ರಾಗ್‌ನಿಂದ ತಪ್ಪಿಸಿಕೊಂಡ ಒಬ್ಬ ಹುಡುಗಿ ಮೈಸೂರಿಗೆ ಬಂದಳು ಎಂದರೆ ಅದು ನಡೆಯಬಹುದಾದ ಮಾತು. ಕೋನಿಗ್ಸ್‌ಬರ್ಗರ್ ಅವರನ್ನು ಪಾತ್ರ ಮಾಡಿ ಬಾಯಿಗೆ ಮಾತು ತುರುಕಬೇಡಿ. ಅವರಿದ್ದರು ಎಂಬುದು ಹಿನ್ನೆಲೆಗೆ ಸಾಕು.

ಇನ್ನೊಂದು ಬಾಗಿಲೂ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಗೋಲೆಮ್‌ನನ್ನು ಹೈಫಾಕ್ಕೆ ಎಳೆದೊಯ್ಯುವುದು ವ್ಯರ್ಥ ಸಾಹಸ. ಆದರೆ ಅಲ್ಲಿ ಕಾದಾಡಿ ಬಂದು, 1939ರಲ್ಲಿ ನಲವತ್ತು ದಾಟಿ, ಮಂಡ್ಯ ಸೀಮೆಯಲ್ಲಿ ಗೇಯ್ದು ತಿನ್ನುತ್ತಿರುವ ಒಬ್ಬ ಮಾಜಿ ಸವಾರ ಬಹಳ ಉಪಯೋಗದ ಪಾತ್ರ. ಹುಡುಗಿ ಶುಕ್ರವಾರ ಸಂಜೆ ಹಚ್ಚುವ ಮೇಣದಬತ್ತಿ ಏನೆಂದು ಊರಲ್ಲಿ ಅವನೊಬ್ಬನಿಗೆ ಗೊತ್ತಿರಬಹುದು. ವಿವರಿಸುವ ಕೆಲಸ ಅವನಿಗೆ ಕೊಟ್ಟರೆ ಹುಡುಗಿ ಪಾಠ ಮಾಡುವುದು ತಪ್ಪುತ್ತದೆ.

ಮಣ್ಣು ಎಲ್ಲಿಂದ? ದಂತಕಥೆಯಲ್ಲಿ ಅದು ವಲ್ತಾವಾ ನದಿಯ ದಡದ್ದು. ಇಲ್ಲಿ ಕಾವೇರಿಯದು, ಶ್ರೀರಂಗಪಟ್ಟಣದ್ದು. ಕಲಸಿ ಹದ ಮಾಡುವವಳು ಮೈಸೂರಿನ ಕುಂಬಾರಕೊಪ್ಪಲಿನ ಒಬ್ಬ ಮುದುಕಿ. ಮಣ್ಣಿನ ಬಗ್ಗೆ ಹುಡುಗಿಗಿಂತ ಅವಳಿಗೇ ಹೆಚ್ಚು ಗೊತ್ತು. ಈ ಜೋಡಿ ಇದ್ದರೆ ಕನ್ನಡದವರು ಕಥೆಯಲ್ಲಿ ಬರೀ ಪ್ರೇಕ್ಷಕರಾಗಿ ನಿಲ್ಲುವುದಿಲ್ಲ.

ಇನ್ನು ಗೋಲೆಮ್‌ನ ಕಟ್ಟಳೆಗಳು. ಮೊದಲೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಕಡೆಯವರೆಗೂ ಮುರಿಯಬೇಡಿ.

- ಅವನು ಮಾತಾಡುವುದಿಲ್ಲ. ಯೋಚನೆಯ ಬಲೂನೂ ಇಲ್ಲ.
- ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಾನೆ. ನೀರು ತಾ ಎಂದರೆ, ಸಾಕು ಎನ್ನುವವರೆಗೂ ತರುತ್ತಾನೆ.
- ಹಣೆಯ ಮೂರು ಹೀಬ್ರೂ ಅಕ್ಷರದಿಂದ ಜೀವ. ಮೊದಲನೆಯದನ್ನು ಅಳಿಸಿದರೆ ಉಳಿದದ್ದು ‘ಸತ್ತ’ ಎಂದಾಗಿ ಅವನು ಮಣ್ಣಾಗುತ್ತಾನೆ.
- ಶುಕ್ರವಾರ ಸೂರ್ಯ ಮುಳುಗುವ ಮೊದಲು ಅವನನ್ನು ನಿಲ್ಲಿಸಬೇಕು. ಆಗ ಶುರುವಾಗುವ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಅವನಿಗೂ ಬಿಡುವು. ಒಮ್ಮೆ ಮರೆತಾಗ ಅವನು ಹುಚ್ಚೆದ್ದು ಕೇರಿಯನ್ನೇ ಧ್ವಂಸ ಮಾಡಿದ ಎಂಬುದು ಕಥೆಯ ಪ್ರಸಿದ್ಧ ತಿರುವು.

ನಿಮ್ಮ ಕಥೆಯ ಯಂತ್ರ ಈ ಕಡೆಯ ಕಟ್ಟಳೆಯಲ್ಲೇ ಇದೆ. ಶುಕ್ರವಾರ ಸಂಜೆ, ಹೊಳೆಯಲ್ಲಿ ನೀರು ಏರಿದೆ, ಸೇತುವೆಯ ಮೇಲೆ ಜನ. ನಿಲ್ಲಿಸಬೇಕೋ, ನಡೆಸಬೇಕೋ? ಯಹೂದಿ ಧರ್ಮಶಾಸ್ತ್ರದಲ್ಲಿ ಜೀವ ಉಳಿಸುವ ಕೆಲಸಕ್ಕೆ ಸಬ್ಬತ್ ನಿಯಮ ಅಡ್ಡಿಯಲ್ಲ. ಆದ್ದರಿಂದ ಹುಡುಗಿಯ ಸಂಕಟ ‘ನಿಯಮ ಮುರಿಯಲೇ’ ಎಂಬುದಲ್ಲ, ‘ನಿಲ್ಲಿಸದಿದ್ದರೆ ಅವನು ನನ್ನ ಕೈಮೀರುತ್ತಾನಲ್ಲ’ ಎಂಬುದು. ಇದನ್ನು ತಪ್ಪಾಗಿ ತಿಳಿದು ಧರ್ಮವನ್ನೇ ಖಳನನ್ನಾಗಿ ಮಾಡುವವರು ಬಹಳ. ಪ್ರಾಗ್‌ನ ಚಳಿಗಾಲದಲ್ಲಿ ಸೂರ್ಯ ಸಂಜೆ 4ಕ್ಕೇ ಮುಳುಗುತ್ತಾನೆ. ಮೈಸೂರಲ್ಲಿ ವರ್ಷವಿಡೀ ಹೆಚ್ಚುಕಡಿಮೆ 6ರಿಂದ 7ರ ಒಳಗೆ. ದೊಡ್ಡ ಗಡಿಯಾರದ ಮುಳ್ಳನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಓಡಿಸಿ ಒತ್ತಡ ಕಟ್ಟಬಹುದು. ಆ ಗಡಿಯಾರದ ಅಂಕಿಗಳು ಕನ್ನಡದವು ಎಂಬುದು ಚಿತ್ರ ಬರೆಯುವಾಗ ನೆನಪಿರಲಿ.

ಸಂಕೇತಗಳಲ್ಲಿ ಆಗುವ ತಪ್ಪು

ಹೀಬ್ರೂ ಬಲದಿಂದ ಎಡಕ್ಕೆ. ಓದುಗರು ಗೋಲೆಮ್‌ನ ಮುಖ ನೋಡುವಾಗ ಚಿತ್ರದ ಬಲತುದಿಯಲ್ಲಿ ಆಲೆಫ್, ನಡುವೆ ಮೆಮ್, ಎಡಕ್ಕೆ ತಾವ್. ಅಳಿಸಬೇಕಾದದ್ದು ಬಲತುದಿಯದು. ಎಡದ ಅಕ್ಷರ ಅಳಿಸಿದ ಚಿತ್ರ ಹೀಬ್ರೂ ಬಲ್ಲವರಿಗೆ ತಕ್ಷಣ ಕಾಣುತ್ತದೆ, ಕಥೆಯ ಪರಾಕಾಷ್ಠೆಯೇ ಹಾಳು. ಕಂಪ್ಯೂಟರಿನಲ್ಲಿ ಇಡೀ ಚೌಕಟ್ಟನ್ನು ಎಡಬಲ ಮಗುಚಿದರೆ ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಳ್ಳುತ್ತದೆ. ಅದಕ್ಕೇ ಅಕ್ಷರಗಳನ್ನು ಕಡೆಯಲ್ಲಿ, ಬೇರೆ ಪದರದಲ್ಲಿ ಬರೆಯಿರಿ. ಕೆಲವು ಸಾಫ್ಟ್‌ವೇರ್ ಹೀಬ್ರೂವನ್ನು ಅಂಟಿಸಿದಾಗ ಕ್ರಮ ತಿರುವಿಹಾಕುತ್ತದೆ. ಅಚ್ಚಿಗೆ ಕೊಡುವ ಪಿಡಿಎಫ್‌ನಲ್ಲಿ ಮತ್ತೊಮ್ಮೆ ತಾಳೆ ನೋಡಿ.

ದೀಪಸ್ತಂಭದ ವಿಷಯ: ಜೆರುಸಲೇಮಿನ ಪುರಾತನ ದೇವಾಲಯದ ಮೆನೋರಾಕ್ಕೆ ಏಳು ಕವಲು, ಹನುಕ್ಕಾ ಹಬ್ಬದ್ದಕ್ಕೆ ಒಂಬತ್ತು. ಶುಕ್ರವಾರ ಸಂಜೆಗೆ ಇವೆರಡೂ ಬೇಡ, ಸಾದಾ ಎರಡು ಮೇಣದಬತ್ತಿ. ಬಾಗಿಲ ಚೌಕಟ್ಟಿನ ಮೆಝೂಝಾ (ಪವಿತ್ರ ವಾಕ್ಯದ ಸುರುಳಿಯಿರುವ ಪುಟ್ಟ ಡಬ್ಬಿ) ಒಳಗೆ ಹೋಗುವವರ ಬಲಗಡೆಗೆ ಬರಬೇಕು, ಪ್ರಾಗ್ ಕಡೆಯ ಮನೆಯಲ್ಲಾದರೆ ತುಸು ವಾಲಿಸಿ.

1939ರ ಪ್ರಾಗ್‌ನ ಯಹೂದಿ ಎಂದರೆ ಉದ್ದ ಗಡ್ಡ, ಕೆನ್ನೆಯ ಜಡೆ, ಕರಿಕೋಟು ಎಂದು ಬರೆಯುವುದು ಸೋಮಾರಿತನ. ಸೂಟು ಹಾಕಿ ಕಚೇರಿಗೆ ಹೋಗುವವರು ಅಲ್ಲಿ ಎಷ್ಟೋ ಮಂದಿ. ಕೊಕ್ಕೆ ಮೂಗು, ಹಣ ಎಣಿಸುವ ಬೆರಳು ಇವು ನಾಜಿ ಪ್ರಚಾರದ ಚಿತ್ರಗಳು ಬಳಸಿದವು, ಖಳನ ಪಾತ್ರಕ್ಕೂ ಬೇಡ. ಯಹೂದಿ ಪಾತ್ರ ಎಂದ ಕೂಡಲೇ ಇಸ್ರೇಲ್ ಸರ್ಕಾರದ ಪ್ರತಿನಿಧಿ ಎಂದುಕೊಳ್ಳುವುದೂ ತಪ್ಪು. ಮಾರ್ವೆಲ್‌ನ ಇಸ್ರೇಲಿ ನಾಯಕಿ ಸಬ್ರಾ 1980ರ ದಶಕದ ಮೊದಲಿಗೆ ಆ ಅಚ್ಚಿನಲ್ಲೇ ಬಂದಳು. 1939ರ ಹುಡುಗಿಗೆ ಆ ದೇಶವೇ ಇನ್ನೂ ಹುಟ್ಟಿಲ್ಲ.

ರಬ್ಬಿಯನ್ನು ನಮ್ಮ ಪುರೋಹಿತರಂತೆಯೂ ಗೋಲೆಮ್‌ನನ್ನು ನಮ್ಮ ಭೂತ-ಗಣಗಳಂತೆಯೂ ಮಾಡಿಬಿಡುವ ಸೆಳೆತ ಕನ್ನಡದಲ್ಲಿ ಬರೆಯುವಾಗ ಬಲವಾಗಿರುತ್ತದೆ. ಕುಂಬಾರಜ್ಜಿ ಅವನನ್ನು ಹಾಗೆ ಅರ್ಥಮಾಡಿಕೊಳ್ಳಬಹುದು, ಅದು ಸಹಜ. ಕಥೆ ಹೇಳುವವರು ಹಾಗೆ ಮಾಡಬಾರದು.

ಸ್ಕ್ರಿಪ್ಟು ಮತ್ತು ಪುಟ ಹಂಚಿಕೆ

ಪಿನ್ ಹೊಡೆಯುವ ಪುಸ್ತಕದ ಪುಟಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. 24ರಲ್ಲಿ 1ನೇ ಪುಟ ಶೀರ್ಷಿಕೆ, 2ರಿಂದ 21 ಕಥೆ, 22-23 ಚರಿತ್ರೆಯ ಟಿಪ್ಪಣಿ, 24 ಹಕ್ಕು ಮತ್ತು ಮುದ್ರಣದ ವಿವರ.

ಓದುಗರು ಹಾಳೆ ತಿರುವಿದಾಗ ಮೊದಲು ಕಾಣುವುದು ಸಮಸಂಖ್ಯೆಯ ಎಡಪುಟ. ಬೆಚ್ಚಿಬೀಳಿಸುವ ಚಿತ್ರಗಳೆಲ್ಲ ಅಲ್ಲಿರಲಿ. ಗೋಲೆಮ್ ಕಣ್ಣು ಬಿಡುವುದು 8ರಲ್ಲಿ, ಅಕ್ಷರ ಅಳಿಸುವುದು 20ರಲ್ಲಿ. ಬಲಪುಟದಲ್ಲಿಟ್ಟರೆ ಎದುರಿನ ಪುಟ ಓದುವಾಗಲೇ ಕಣ್ಣಂಚಿಗೆ ಬಿದ್ದು ಗುಟ್ಟು ರಟ್ಟಾಗುತ್ತದೆ. ಎರಡು ಪುಟ ತುಂಬುವ ದೊಡ್ಡ ಚಿತ್ರ 12-13ರಲ್ಲಿ ಮಾತ್ರ. ಪುಸ್ತಕದ ನಡುಮಧ್ಯೆ ಅದು ಒಂದೇ ಹಾಳೆ. ಬೇರೆಡೆ ಎಡ ಒಂದು ಹಾಳೆ, ಬಲ ಇನ್ನೊಂದು, ಗೆರೆ ಕೂಡುವುದಿಲ್ಲ. ಸೇತುವೆಯ ದೃಶ್ಯಕ್ಕೆ ಹೇಳಿ ಮಾಡಿಸಿದ ಜಾಗ ಅದು.

ಒಂದು ಪುಟಕ್ಕೆ ಸರಾಸರಿ ಐದು ಚೌಕಟ್ಟು, ಒಂದು ಬಲೂನಿಗೆ ಹೆಚ್ಚೆಂದರೆ 12 ಪದ, ಪುಟಕ್ಕೆ 90 ದಾಟಬಾರದು. ಇಂಗ್ಲಿಷ್ ಕಾಮಿಕ್ಸ್‌ನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮ ಪದ ಉದ್ದ, ಒತ್ತಕ್ಷರದಿಂದ ಸಾಲು ಎತ್ತರ.

ಮಾತಿನ ಬಗೆ ಪಾತ್ರಕ್ಕೊಂದಿರಲಿ. ಅಜ್ಜಿ ಮತ್ತು ಮಾಜಿ ಸವಾರನದು ಮೈಸೂರು-ಮಂಡ್ಯದ ಹಳ್ಳಿಮಾತು: ‘ಅದ್ಯಾಕವ್ವ ಇವ್ನು ಮಾತಾಡಾಕಿಲ್ಲ?’, ‘ನೋಡ್ಲಾ, ಸೇತುವೆ ಮ್ಯಾಲೆ ಬತ್ತಾವ್ನೆ!’ ಸಂಸ್ಥಾನದ ಅಧಿಕಾರಿಯದು ‘ತಾವು’, ‘ದಯಮಾಡಿ’ ಬೆರೆತ ಕಚೇರಿ ಕನ್ನಡ. ಹುಡುಗಿಯ ಕನ್ನಡವನ್ನು ನಗೆಪಾಟಲು ಮಾಡಬೇಡಿ. ಚಿಕ್ಕ ವಾಕ್ಯ, ಸರಿಯಾದ ವ್ಯಾಕರಣ ಕೊಡಿ, ‘ಮಾತಿಲ್ಲ ಅಜ್ಜಿ. ಕೆಲಸ ಮಾತ್ರ.’ ಹೊಸದಾಗಿ ಕಲಿತವಳೆಂದು ಗೊತ್ತಾಗಲು ಅಷ್ಟು ಸಾಕು.

ಗೋಲೆಮ್ ಮೂಗನಾದ್ದರಿಂದ ಅವನ ಮನಸ್ಸು ಕಾಣುವುದು ಮೈಯಲ್ಲಿ. ಹಸಿ ಮಣ್ಣು ಕಪ್ಪಗೆ ಹೊಳೆಯುತ್ತದೆ, ಒಣಗಿದ್ದು ಬೆಳ್ಳಗಾಗಿ ಸೀಳು ಬಿಡುತ್ತದೆ. ಶಾಂತವಾಗಿದ್ದಾಗ ತೇವ, ಅಪ್ಪಣೆ ಇಲ್ಲದೆ ಅಲೆಯುವಾಗ ಸೀಳು ಎಂದು ಮೊದಲೇ ಗೊತ್ತುಮಾಡಿಕೊಂಡರೆ ಓದುಗರು ಮೂರು ಪುಟದಲ್ಲಿ ಆ ಭಾಷೆ ಕಲಿಯುತ್ತಾರೆ. ಕುಂಬಾರರ ಕೆಲಸದ ಜಾಗದಲ್ಲಿ ಅರ್ಧ ದಿನ ಕೂತು ಹಸಿ, ಅರೆ ಒಣಗಿದ, ಪೂರಾ ಒಣಗಿದ ಮಡಕೆಗಳ ಮೈಯನ್ನು ಪಕ್ಕಪಕ್ಕ ಬರೆದುಕೊಳ್ಳಿ. ಫೋಟೋ ನೋಡಿ ಬರೆದ ಮಣ್ಣು ಕಲ್ಲಿನಂತೆ ಕಾಣುತ್ತದೆ, ಆಗ ನಿಮ್ಮ ನಾಯಕ ಬೆನ್ ಗ್ರಿಮ್‌ನ ತಮ್ಮನಾಗಿಬಿಡುತ್ತಾನೆ.

1939ರ ಊರು

ಮೈಸೂರು ರೈಲ್ವೆ ಮ್ಯೂಸಿಯಂನಲ್ಲಿ ಹಳೆಯ ಎಂಜಿನ್, ಬೋಗಿಗಳನ್ನು ಅಳತೆ ಸಮೇತ ಬರೆದುಕೊಳ್ಳಬಹುದು. ಬೆಂಗಳೂರು-ಮೈಸೂರು ಹಳಿ ಆಗ ಮೀಟರ್ ಗೇಜ್. ಈಗಿನ ಅಗಲದ ಹಳಿ ಬರೆದರೆ ತಪ್ಪು. ವಿದ್ಯುತ್ ದೀಪ ಇರಲಿ, ಮೈಸೂರಿಗೆ ಅದು 1908ರಲ್ಲೇ ಬಂದಿತ್ತು. ಬೆಳ್ಳಿಹಬ್ಬದ ದೊಡ್ಡ ಗಡಿಯಾರ 1927ರದು, ಚಿಕ್ಕ ಗಡಿಯಾರ ಇನ್ನೂ ಹಳೆಯದು, ಎರಡೂ ಬರಬಹುದು. ಕೆ.ಆರ್. ವೃತ್ತದಲ್ಲಿ ನಾಲ್ವಡಿಯವರ ಪ್ರತಿಮೆ ಬರೆಯಬೇಡಿ, ಅವರಿನ್ನೂ ಬದುಕಿದ್ದಾರೆ (ತೀರಿಕೊಂಡದ್ದು 1940ರ ಆಗಸ್ಟ್ 3). ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ 1804ರದು, ಕಲ್ಲುಕಂಬಗಳ ಸಾಲು. ಕಂಬದ ಮೇಲಿನ ಚಾಚುಗಲ್ಲು, ಅದರ ಮೇಲಿನ ತೊಲೆ ಹೇಗೆ ಕೂತಿವೆ ಎಂಬುದನ್ನು ಸ್ಥಳದಲ್ಲೇ ನೋಡಿ ಬರೆಯಿರಿ. ಗೋಲೆಮ್ ಹೆಗಲು ಕೊಡುವುದು ಅಲ್ಲಿಗೇ.

ಗೆರೆ, ಶಾಯಿ, ಸ್ಕ್ಯಾನು

ಅಚ್ಚಿನ ಪುಟ 7 × 10 ಇಂಚು ಇಟ್ಟುಕೊಳ್ಳಿ. ಮೂಲಚಿತ್ರ ಒಂದೂವರೆ ಪಟ್ಟು, ಅಂದರೆ 10.5 × 15 ಇಂಚು. ಎ3 ಹಾಳೆಯಲ್ಲಿ ಸರಿಯಾಗಿ ಕೂರುತ್ತದೆ. 200 ಜಿಎಸ್‌ಎಂ (ಕಾಗದದ ತೂಕದ ಅಳತೆ) ಆಸುಪಾಸಿನ ನಯವಾದ ಹಾಳೆ ಬೇಕು. ಒರಟು ಹಾಳೆಯಲ್ಲಿ ನಿಬ್ಬು ನಾರೆಬ್ಬಿಸಿ ಶಾಯಿ ಹರಡುತ್ತದೆ. ಪೆನ್ಸಿಲ್ 2ಎಚ್, ಶಾಯಿ ನೀರಿಗೆ ಕರಗದ್ದು, ದಪ್ಪ ಗೆರೆಗೆ 2ನೇ ನಂಬರ್ ಬ್ರಷ್.

ಅಚ್ಚಿನಲ್ಲಿ ಎಲ್ಲವೂ ಮೂರನೇ ಎರಡಕ್ಕೆ ಕುಗ್ಗುತ್ತದೆ. ಮೂಲದಲ್ಲಿ 0.3 ಮಿ.ಮೀ.ಗಿಂತ ಸಣ್ಣ ಗೆರೆ ಮಾಯವಾಗಬಹುದು, 1 ಮಿ.ಮೀ.ಗಿಂತ ಒತ್ತಾದ ಅಡ್ಡಗೆರೆಗಳು ಕೂಡಿಕೊಂಡು ಮಸಿಯಾಗಬಹುದು. ಮಣ್ಣಿನ ಮೈಗೆ ಗೆರೆ ತುಂಬುವ ಉತ್ಸಾಹದಲ್ಲಿ ಇದೇ ಹೆಚ್ಚಾಗಿ ಆಗುವ ಅನಾಹುತ. ಮೊದಲ ಪುಟ ಮುಗಿದ ಕೂಡಲೇ 67 ಪರ್ಸೆಂಟ್ ಕುಗ್ಗಿಸಿ ಜೆರಾಕ್ಸ್ ತೆಗೆಸಿ ನೋಡಿ, ಆಮೇಲೆ ಮುಂದಿನದು.

ಸ್ಕ್ಯಾನ್ 600 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ), ಗ್ರೇಸ್ಕೇಲ್. ಎ4 ಸ್ಕ್ಯಾನರ್ ಮಾತ್ರ ಇದ್ದರೆ ಎರಡು ಸಲ, ನಡುವೆ ಒಂದು ಇಂಚು ಅತಿಕ್ರಮಿಸಿ. ‘ಆಟೋ’ ತಿದ್ದುಪಡಿ ಎಲ್ಲ ಆಫ್ ಮಾಡಿ, ಇಲ್ಲದಿದ್ದರೆ ಎರಡು ಅರ್ಧದ ಕಪ್ಪು ಬೇರೆಬೇರೆ ಬಂದು ಕೂಡಿಸಿದ ಜಾಗ ಕಾಣುತ್ತದೆ. ಕುಗ್ಗಿಸಿದ ಮೇಲೆ 900 ಡಿಪಿಐ ಆಗುತ್ತದೆ, ಗೆರೆಚಿತ್ರಕ್ಕೆ ಧಾರಾಳ. 300ಕ್ಕೆ ಇಳಿಸಬೇಡಿ, ಗೆರೆಯಂಚು ಗರಗಸದಂತೆ ಕಾಣುತ್ತದೆ.

ಅಕ್ಷರ

ಯೂನಿಕೋಡ್ ಫಾಂಟನ್ನೇ ಬಳಸಿ. ಬಾಲೂ ತಮ್ಮ 2, ಆಕಾಯಾ ಕನ್ನಡಕ, ಅನೇಕ್ ಕನ್ನಡ ಇವು ಮುಕ್ತ ಪರವಾನಗಿಯವು, ಮಾರುವ ಪುಸ್ತಕಕ್ಕೂ ನಡೆಯುತ್ತವೆ. ಮಾತಿಗೆ ಒಂದು, ಸದ್ದಿಗೆ ಒಂದು, ಅಷ್ಟೆ. ಗಾತ್ರ 9.5 ಪಾಯಿಂಟ್, ಸಾಲಂತರ 14. ಅದಕ್ಕಿಂತ ಕಮ್ಮಿಯಾದರೆ ಮೇಲಿನ ಸಾಲಿನ ವತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ.

ಫೋಟೋಶಾಪ್‌ನಲ್ಲಿ ‘ವರ್ಲ್ಡ್ ರೆಡಿ’ ಲೇಔಟ್ ಆನ್ ಮಾಡದಿದ್ದರೆ ಒತ್ತಕ್ಷರ ಒಡೆದು ‘ಕ್‌ಷ’ ಆಗುತ್ತದೆ, ಅರ್ಕಾವತ್ತು ಜಾಗ ತಪ್ಪುತ್ತದೆ. ಉಚಿತ ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ. ಮುಗಿದ ಮೇಲೆ ಅಕ್ಷರಗಳನ್ನು ಔಟ್‌ಲೈನ್‌ಗೆ, ಅಂದರೆ ಫಾಂಟ್ ಬೇಡದ ಗೆರೆರೂಪಕ್ಕೆ, ಬದಲಿಸಿದ ಇನ್ನೊಂದು ಪ್ರತಿ ಮಾಡಿ ಅದನ್ನೇ ಪ್ರೆಸ್ಸಿಗೆ ಕೊಡಿ. ತಿದ್ದುವ ಪ್ರತಿ ನಿಮ್ಮಲ್ಲಿರಲಿ.

ಸದ್ದುಗಳನ್ನು ಕೈಯಲ್ಲೇ ಬರೆಯಿರಿ. ‘ಧಡಾರ್’, ‘ಛಟೀರ್’, ‘ಗುಳುಗುಳು’ ನಮ್ಮಲ್ಲೇ ಬೇಕಾದಷ್ಟಿವೆ. ಮಣ್ಣಿನ ಹೆಜ್ಜೆಗೆ ‘ಧಪ್’ಗಿಂತ ‘ಪಚಕ್’ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಪ್ರೆಸ್ಸಿನಲ್ಲಿ

300 ಪ್ರತಿಯೊಳಗೆ ಡಿಜಿಟಲ್, ಅದರಾಚೆ ಆಫ್‌ಸೆಟ್ ದರವನ್ನೂ ಕೇಳಿ. 12 × 18 ಇಂಚಿನ ಹಾಳೆಯಲ್ಲಿ ಒಂದು ಬದಿಗೆ ಎರಡು ಪುಟ ಕೂರುತ್ತವೆ. ಒಂದು ಪ್ರತಿಗೆ ಒಳಗೆ 6 ಹಾಳೆ, ಹೊದಿಕೆಗೆ 1. ನೂರು ಪ್ರತಿಗೆ 600 ಮತ್ತು 100, ಜೊತೆಗೆ ನೂರಕ್ಕೆ ಐದರಂತೆ ಹೆಚ್ಚುವರಿ. ಒಳಗೆ 100 ಜಿಎಸ್‌ಎಂ ಮ್ಯಾಪ್‌ಲಿಥೋ, ಹೊದಿಕೆಗೆ 250 ಜಿಎಸ್‌ಎಂ ಆರ್ಟ್ ಕಾರ್ಡ್. 70 ಜಿಎಸ್‌ಎಂ ಅಗ್ಗವೆಂದು ಒಪ್ಪಬೇಡಿ, ಕಪ್ಪು ತುಂಬಿದ ರಾತ್ರಿಯ ಪುಟ ಹಿಂಬದಿಗೆ ಕಾಣುತ್ತದೆ.

ಅಂಚಿನಾಚೆಗೆ ಸುತ್ತಲೂ 3 ಮಿ.ಮೀ. ಚಿತ್ರ ಬಿಡಿ. ಬಲೂನು, ಮುಖ ಎಲ್ಲ ಅಂಚಿನಿಂದ 10 ಮಿ.ಮೀ. ಒಳಗಿರಲಿ. ಆರು ಹಾಳೆ ಮಡಚಿದಾಗ ನಡುವಿನವು ಹೊರಗೆ ಚಾಚಿ, ಕಟಿಂಗಿನಲ್ಲಿ ಅವುಗಳ ಅಂಚು ಹೆಚ್ಚು ಹೋಗುತ್ತದೆ. ಒಳಪುಟಗಳು ಬರೀ ಕಪ್ಪಿನ ಫೈಲಾಗಿರಬೇಕು. ಆರ್‌ಜಿಬಿ (ಕೆಂಪು-ಹಸಿರು-ನೀಲಿ ಬೆರೆತ) ಕಪ್ಪು ಕೊಟ್ಟರೆ ಮೆಷಿನ್ ಅದನ್ನು ಬಣ್ಣದ ಪುಟವೆಂದು ಎಣಿಸುತ್ತದೆ, ಬಿಲ್ಲು ಏರುತ್ತದೆ, ಗೆರೆಯ ಸುತ್ತ ಬಣ್ಣದ ನೆರಳೂ ಬರುತ್ತದೆ. ಹೊದಿಕೆಯ ಮಡಿಕೆಗೆ ಮೊದಲು ಕ್ರೀಸಿಂಗ್ (ಮಡಿಕೆಯ ಒತ್ತುಗೆರೆ) ಹಾಕಿಸಿ, ಇಲ್ಲವಾದರೆ ಬೆನ್ನಿನ ಮೇಲೆ ಟೋನರ್ ಸೀಳಿ ಬಿಳಿ ಗೆರೆ ಬೀಳುತ್ತದೆ.

ಪೂರಾ ಅಚ್ಚಿಗೆ ಒಪ್ಪುವ ಮೊದಲು ಒಂದೇ ಒಂದು ಡಮ್ಮಿ ಪ್ರತಿ, ಪಿನ್ ಹೊಡೆದು ಕಟಿಂಗ್ ಆದದ್ದು, ಕೈಗೆ ಬರಲಿ. ಅದರಲ್ಲಿ ನೋಡಬೇಕಾದದ್ದು: 12-13ರ ಸೇತುವೆಯ ಗೆರೆ ಕೂಡಿದೆಯೇ, 8 ಮತ್ತು 20 ಎಡಕ್ಕೇ ಬಂದಿವೆಯೇ, ಹಣೆಯ ಆಲೆಫ್ ಬಲಕ್ಕಿದೆಯೇ.

24ನೇ ಪುಟದಲ್ಲಿ ಬರೆದವರು, ಚಿತ್ರಿಸಿದವರು, ಪ್ರಕಾಶಕರ ವಿಳಾಸ, ಮುದ್ರಣ ಮಾಡಿದ ಪ್ರೆಸ್ಸು, ವರ್ಷ, ಬೆಲೆ ಇರಲಿ. ಗೋಲೆಮ್ ಕಥೆ ದಂತಕಥೆಯಿಂದ ಎಂದೂ ಹುಡುಗಿ, ಅಜ್ಜಿ, ಸವಾರ ಕಲ್ಪಿತ ಪಾತ್ರಗಳೆಂದೂ ಸ್ಪಷ್ಟವಾಗಿ ಹೇಳಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ರಾಜಾ ರಾಮಮೋಹನ ರಾಯ್ ಏಜೆನ್ಸಿಯ ಜಾಲತಾಣದಲ್ಲಿ ಅರ್ಜಿ, ಶುಲ್ಕವಿಲ್ಲ. ಬಿಡಿ ಪುಸ್ತಕಕ್ಕೆ ನಿಯತಕಾಲಿಕದ ನೋಂದಣಿ ಬೇಡ. ಪ್ರತಿ ತಿಂಗಳು ಅಥವಾ ಮೂರು ತಿಂಗಳಿಗೊಮ್ಮೆ ಅದೇ ಹೆಸರಲ್ಲಿ ತರುವುದಾದರೆ ಬೇಕು. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲೇ ಹೋಗಬೇಕು. ಆ ನಾಲ್ಕನ್ನು ಅಚ್ಚಿನ ಲೆಕ್ಕದಲ್ಲೇ ಸೇರಿಸಿಕೊಂಡು, ಪುಟ ತಿರುವುಮುರುವಾಗದ ಚೊಕ್ಕ ಪ್ರತಿಗಳನ್ನೇ ಆರಿಸಿ ಕಳುಹಿಸಿ.